ಸೀರೆ ಪೆಟ್ಟಿಗೆಯ ಮೇಲೆ ಹದಿನೆಂಟು ಚಿತ್ರ

ನನ್ನ ತಮ್ಮ ಸದಾನಂದ ಗೋಡೆಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಕಟ್ಟಡ ಇನ್ಸ್‌ಪೆಕ್ಟರ್ ಆಗಿ ಹದಿನೈದು ವರ್ಷ ಗೋಡೆಗಳನ್ನೇ ನೋಡಿದವನು. ಯಾರೋ ಸ್ಪ್ರೇ ಪೇಂಟಿನಲ್ಲಿ ಹೆಸರು ಬರೆದು ಹೋದ ಗೋಡೆ ಕಂಡರೆ ಆ ದಿನ ಅವನಿಗೆ ಊಟ ಸೇರುವುದಿಲ್ಲ. ಅಂಥವನ ಮಗಳು ಅಶ್ವಿತಾ ಹದಿನೇಳನೆಯ ವಯಸ್ಸಿಗೆ ಅದೇ ಸ್ಪ್ರೇ ಡಬ್ಬಿ ಕೈಯಲ್ಲಿ ಹಿಡಿದು ನಿಂತಳು. ದೇವರಿಗೂ ಆಗಾಗ ಬೇಜಾರಾಗಿ ತಮಾಷೆ ಬೇಕಾಗುತ್ತದೆ ಎಂದು ನಾನು ನಂಬುವುದು ಇಂಥದ್ದನ್ನೆಲ್ಲ ನೋಡಿಯೇ.

ಗೋಡೆ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಸದಾನಂದ ಹೇಳಿದ. ಜೀವಮಾನದಲ್ಲಿ ಒಂದು ನೊಣಕ್ಕೂ ಕೈ ಎತ್ತಿದವನಲ್ಲ, ಆದರೂ ಹೇಳಿದ. ಹುಡುಗಿ ವಾದ ಮಾಡಲಿಲ್ಲ. ಗೋಡೆ ಬೇಡವಾದರೆ ಬೇಡ ಎಂದು ಸೀದಾ ನನ್ನ ಅಂಗಡಿಗೆ ಬಂದಳು.

ನನ್ನದು ಆರ್ಟೀಸಿಯಾದ ಪಯೊನಿಯರ್ ಬುಲೆವಾರ್ಡಿನಲ್ಲಿ ಸೀರೆ ಅಂಗಡಿ. ನಾನು ರತ್ನಾವತಿ, ಉಡುಪಿ ಕಡೆಯವಳು, ಅಶ್ವಿತಾಳ ಸೋದರತ್ತೆ. ಅವಳ ತಾಯಿ ಜಯಾ ಆಸ್ಪತ್ರೆಯಲ್ಲಿ ನರ್ಸ್, ಶಿಫ್ಟಿಗೆ ಹೊತ್ತುಗೊತ್ತಿಲ್ಲ. ಹಾಗಾಗಿ ಹುಡುಗಿ ಸ್ಕೂಲ್ ಮುಗಿಸಿ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳೆದಳು ಎಂದರೆ ಸುಳ್ಳಲ್ಲ. ಸೂರತ್‌ನಿಂದ ಸೀರೆ ತುಂಬಿಕೊಂಡು ಬರುವ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳು ಆ ಕೋಣೆಯಲ್ಲಿ ಮಾಡಿನವರೆಗೆ ಇರುತ್ತಿದ್ದವು. ಅವಳ ಸ್ಕೂಲಿನ ಮಕ್ಕಳು ಅವನ್ನು ಬಿಡಿಸಿ, ಕಾರ್ ಪಾರ್ಕಿಂಗಿನಲ್ಲಿ ಹಾಸಿ, ಅದರ ಮೇಲೆ ಡ್ಯಾನ್ಸ್ ಮಾಡುತ್ತಿದ್ದರು. ಮೆಕ್ಸಿಕೋದವರ ಮಕ್ಕಳು, ಫಿಲಿಪೀನ್ಸಿನವರು, ಕರಿಯರು, ಕೊರಿಯಾದವರು. ಒಬ್ಬ ತಲೆಯನ್ನು ರಟ್ಟಿಗೆ ಊರಿ, ಕಾಲು ಮೇಲೆ ಮಾಡಿ ಗಿರಗಿರ ತಿರುಗಿದ. ಯಕ್ಷಗಾನದಲ್ಲಿ ಹಾರಿ ಸುತ್ತು ತಿರುಗಿ ದಿಗಿಣ ಹಾಕುವವರನ್ನು ಚಿಕ್ಕಂದಿನಿಂದ ಕಂಡವಳು ನಾನು. ತಲೆಯ ಮೇಲೆ ದಿಗಿಣ ಹಾಕುವವರನ್ನು ಕಂಡದ್ದು ಅಂದೇ. ಸೀರೆಗೆ ಬಂದಿದ್ದ ಗಿರಾಕಿಗಳನ್ನು ಬಿಟ್ಟು ಬಾಗಿಲಲ್ಲಿ ನಿಂತು ನೋಡಿದೆ.

ರೆಕಾರ್ಡನ್ನು ಕೈಯಲ್ಲಿ ಹಿಂದೆ ಮುಂದೆ ಉಜ್ಜಿ ಸದ್ದು ಹೊರಡಿಸುವುದು, ತಾಳಕ್ಕೆ ಸರಿಯಾಗಿ ಮಾತು ಪೋಣಿಸುವುದು, ಹೀಗೆ ನೆಲದ ಮೇಲೆ ತಿರುಗುವುದು, ಗೋಡೆಯ ಮೇಲೆ ಹೆಸರು ಬರೆಯುವುದು, ಈ ನಾಲ್ಕೂ ಸೇರಿದರೆ ಹಿಪ್-ಹಾಪ್ ಎಂದು ಅಶ್ವಿತಾ ನನಗೆ ಬಿಡಿಸಿ ಹೇಳಿದಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ನಮ್ಮಿಬ್ಬರ ಮಾತು ಹುಟ್ಟಿದಾಗಿನಿಂದ ಹೀಗೇ.

ಅವಳು ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ಅದರ ಮೇಲೆ ಬರೆಯತೊಡಗಿದಳು. ಹದಿನೆಂಟು ತುಂಬದವರಿಗೆ ಸ್ಪ್ರೇ ಪೇಂಟ್ ಮಾರಬಾರದೆಂದು ಇಲ್ಲಿ ಕಾನೂನು. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬಿಗಳನ್ನು ಬಂಗಾರದಂತೆ ಜಾಲರಿಯ ಬಾಗಿಲೊಳಗೆ ಇಟ್ಟು ಬೀಗ ಹಾಕಿರುತ್ತಾರೆ. ಕೊಳ್ಳಲು ನಾನೇ ಹೋದೆ. ಕಾಟನ್ ಸೀರೆ ಉಟ್ಟ ಐವತ್ತೈದರ ಹೆಂಗಸು ಎಂಟು ಬಣ್ಣದ ಡಬ್ಬಿ ಕೇಳಿದ್ದು ನೋಡಿ ಅಂಗಡಿಯವನು ಏನಕ್ಕೆ ಎಂದ. ಹಳೇ ಕುರ್ಚಿಗೆ ಎಂದೆ. ಎಂಟು ಬಣ್ಣದ ಕುರ್ಚಿಯೋ ಎಂದ. ನಮ್ಮಲ್ಲಿ ಹಾಗೇ ಎಂದೆ. ಸದಾನಂದನಿಗೆ ಈ ಸಂಗತಿ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಚಿತ್ರದ ಬಗ್ಗೆ ನನಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಆದರೆ ಬಟ್ಟೆ ಗೊತ್ತು. ಬಟ್ಟೆ ಹೇಗೆ ಬೀಳುತ್ತದೆ, ಎಲ್ಲಿ ಮಡಿಕೆ ಕಟ್ಟುತ್ತದೆ, ನಡೆದಾಗ ಯಾವ ಕಡೆ ಎಳೆಯುತ್ತದೆ, ಇದನ್ನು ಮೂವತ್ತು ವರ್ಷದಿಂದ ನೋಡಿದವಳು. ಆ ಮಕ್ಕಳು ಒಂದರಲ್ಲಿ ಇಬ್ಬರು ತೂರಬಹುದಾದಷ್ಟು ದೊಗಲೆ ಪ್ಯಾಂಟು ಹಾಕುತ್ತಿದ್ದರು. ಒಬ್ಬ ತಿರುಗುವಾಗ ಆ ಪ್ಯಾಂಟು ಮೊಣಕಾಲಿನಿಂದ ಜಾರಿ ತೊಡೆಯ ಹತ್ತಿರ ಗಂಟಾಗಿ ನಿಲ್ಲುವುದನ್ನು ಅಶ್ವಿತಾ ನಾಲ್ಕೇ ಗೆರೆಯಲ್ಲಿ ಹಿಡಿದಿದ್ದಳು. ನಾನು ಆ ರಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ನೇಯ್ಗೆಯವರ ಮನೆಯಲ್ಲಿ ಹುಟ್ಟಿದವರಿಗೂ ಅಷ್ಟು ಸುಲಭಕ್ಕೆ ಬರದ ಕಣ್ಣು ಅದು. ಅವಳೆದುರು ಮಾತ್ರ ಪರವಾಗಿಲ್ಲ ಎಂದೆ. ಮಕ್ಕಳನ್ನು ಎದುರಿಗೇ ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮ ಅಮ್ಮ ಕಲಿಸಿದ ಜಿಪುಣತನ.

ಸ್ಯಾನ್ ಡಿಯಾಗೋದ ಒಂದು ಆರ್ಟ್ ಕಾಲೇಜಿಗೆ ಅಪ್ಲೈ ಮಾಡುತ್ತೇನೆ ಎಂದು ಅವಳು ಹೇಳಿದ್ದು ೧೯೯೭ರ ಬೇಸಗೆಯಲ್ಲಿ. ಸದಾನಂದನಿಗೆ ಮಗಳು ಬಯಾಲಜಿ ಓದಬೇಕಿತ್ತು. ಒಂದು ವಾರ ಮನೆಯಲ್ಲಿ ಬಾಗಿಲು ಬಡಿಯುವ ಸದ್ದೇ ಹೆಚ್ಚು. ಕೊನೆಗೆ ಜಯಾ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಅಕ್ಟೋಬರ್ ಹನ್ನೊಂದರಂದು ಆ ಕಾಲೇಜಿನವರು ಮಕ್ಕಳನ್ನು ಎದುರಿಗೇ ಕೂರಿಸಿಕೊಂಡು ಅವರ ಚಿತ್ರಗಳನ್ನು ನೋಡುತ್ತಾರೆ, ಮೆಚ್ಚಿದರೆ ಅಲ್ಲೇ ಸೀಟು. ಅಂದು ಸೀಟು ಸಿಕ್ಕಿದರೆ ಅವಳ ದಾರಿ ಅವಳಿಗೆ. ಸಿಗದಿದ್ದರೆ ಬಯಾಲಜಿ, ಮತ್ತೆ ಆ ಮಾತು ಎತ್ತುವಂತಿಲ್ಲ. ಅಪ್ಪ ಮಗಳು ಇಬ್ಬರೂ ಒಪ್ಪಿದರು. ಹಠದಲ್ಲಿ ಇಬ್ಬರದೂ ಒಂದೇ ಅಚ್ಚು.

ಆಮೇಲೆ ಅವಳು ದುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಪುಸ್ತಕದಲ್ಲಿ ಪೆನ್ಸಿಲ್, ಆಮೇಲೆ ರಟ್ಟಿನ ಮೇಲೆ ಗೆರೆ, ಆಮೇಲೆ ಬಣ್ಣ. ಡಬ್ಬಿಯ ಮೂತಿಯನ್ನು ಬದಲಾಯಿಸಿ ಒಮ್ಮೆ ದಾರದಷ್ಟು ಸಪೂರ, ಒಮ್ಮೆ ಅಂಗೈಯಷ್ಟು ಅಗಲ ಹೊಡೆಯುತ್ತಿದ್ದಳು. ಪೇಂಟಿನ ಘಾಟಿಗೆ ನನ್ನ ಗಿರಾಕಿಗಳು ಮೂಗು ಮುಚ್ಚಿಕೊಂಡರೆ ಹೊಸ ಬಗೆಯ ಧೂಪ ಎನ್ನುತ್ತಿದ್ದೆ. ಮೂರು ತಿಂಗಳಲ್ಲಿ ಹದಿನೆಂಟು ಚಿತ್ರವಾಯಿತು. ರೆಕಾರ್ಡಿನ ಮೇಲೆ ಬೆರಳೂರಿದ ಒಂದು ಕೈ. ದೊಡ್ಡ ರೇಡಿಯೋ ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುವ ಅಜ್ಜಿ. ತಲೆಯ ಮೇಲೆ ನಿಂತ ಹುಡುಗ, ಅವನ ಕಾಲುಗಳ ನಡುವೆ ಪೆಟ್ಟಿಗೆಯ ಮೇಲಿನ ಸೂರತ್ತಿನ ವಿಳಾಸ ಹಾಗೇ ಉಳಿದಿತ್ತು. ಪ್ರತಿಯೊಂದರ ಬಲಗಡೆ ಕೆಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಅವಳ ಹೆಸರು.

ಅಕ್ಟೋಬರ್ ಒಂಬತ್ತರ ಗುರುವಾರ ಎಲ್ಲವನ್ನೂ ಜಿಪ್ ಇರುವ ದೊಡ್ಡ ಕರಿ ಬ್ಯಾಗಿನಲ್ಲಿ ಜೋಡಿಸಿ ನನ್ನ ಅಂಗಡಿಯಲ್ಲೇ ಇಟ್ಟು ಹೋದಳು. ಶನಿವಾರ ಬೆಳಿಗ್ಗೆ ಅಲ್ಲಿಂದಲೇ ಹೊರಡುವುದೆಂದು ಮಾತು. ನಡುವಿನ ಶುಕ್ರವಾರ ಆಯುಧಪೂಜೆ.

ಅಂಗಡಿಯಲ್ಲಿ ಆಯುಧಪೂಜೆಯನ್ನು ನಾನು ಎಂದೂ ಬಿಟ್ಟವಳಲ್ಲ. ಕತ್ತರಿ, ಅಳತೆಯ ಕೋಲು, ಫಾಲ್ ಹೊಲಿಯುವ ಮೆಷಿನ್, ಟೆಲಿಫೋನ್, ಎಲ್ಲಕ್ಕೂ ತೊಳೆದು ಒರೆಸಿ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟೆ. ಕರಿ ಬ್ಯಾಗ್ ಅಲ್ಲೇ ಗೋಡೆಗೆ ಒರಗಿತ್ತು. ನಾಳೆ ಇಷ್ಟು ದೊಡ್ಡ ಕೆಲಸಕ್ಕೆ ಹೊರಟಿದೆ, ಇದಕ್ಕೊಂದು ಕುಂಕುಮ ಬೇಡವೇ ಎನಿಸಿತು. ನಮ್ಮ ಮನೆಯಲ್ಲಿ ಮದುವೆ ಕಾಗದವಾಗಲಿ ಹೊಸ ಸೀರೆಯಾಗಲಿ ಮೂಲೆಗೆ ಅರಿಶಿನ ಕುಂಕುಮ ತಾಗದೆ ಹೊರಗೆ ಹೋದದ್ದಿಲ್ಲ. ಬ್ಯಾಗಿಗೆ ಹಚ್ಚಿ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಜಿಪ್ ಎಳೆದೆ. ಹದಿನೆಂಟನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು, ನೋಡುತ್ತ ನೋಡುತ್ತ ಎದೆ ತುಂಬಿ ಬಂತು. ಬಾಯಲ್ಲಿ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಬೆರಳಿನಲ್ಲಿ ಹೇಳಿದೆ ಎಂದು ಕಾಣುತ್ತದೆ. ಒದ್ದೆ ಅರಿಶಿನದಲ್ಲಿ ಹೆಬ್ಬೆರಳದ್ದಿ, ಅದರ ಮೇಲೆ ಕುಂಕುಮ, ಒಂದೊಂದಕ್ಕೂ ಬಲಗಡೆ ಕೆಳಮೂಲೆಗೆ. ಕನ್ನಡಕ ಕೌಂಟರಿನ ಮೇಲಿತ್ತು. ಅಕ್ಕಿಕಾಳಿನಷ್ಟಿದ್ದ ಹೆಸರುಗಳು ನನ್ನ ಹೆಬ್ಬೆರಳಿನ ಕೆಳಗೆ ಹೋದದ್ದು ನನಗೆ ಕಾಣಲಿಲ್ಲ.

ಶನಿವಾರ ಆರು ಗಂಟೆಗೆ ಅಪ್ಪ ಮಗಳು ಬಂದರು. ಅಶ್ವಿತಾ ಒಮ್ಮೆ ನೋಡಿಕೊಳ್ಳೋಣವೆಂದು ಬ್ಯಾಗ್ ತೆರೆದಳು. ಒಂದನ್ನು ಎತ್ತಿದಳು, ಇನ್ನೊಂದನ್ನು ಎತ್ತಿದಳು, ಹದಿನೆಂಟನ್ನೂ ನೆಲದ ಮೇಲೆ ಹರಡಿದಳು. ಅವಳು ಕೂಗಾಡಿದ್ದರೆ ನಾನು ತಡೆದುಕೊಳ್ಳಬಹುದಿತ್ತು. ಹತ್ತಿಯಲ್ಲಿ ಒರೆಸಿದಳು, ರಬ್ಬರಿನಲ್ಲಿ ಉಜ್ಜಿದಳು. ಕುಂಕುಮ ಸ್ವಲ್ಪ ಹೋದರೂ ಕೆಳಗಿನ ಅರಿಶಿನ ರಟ್ಟಿನೊಳಗೆ ಇಳಿದಿತ್ತು. ಪೂಜೆ ಮಾಡದೆ ಕಳಿಸುವುದಕ್ಕಾಗುತ್ತದೋ, ಅಕ್ಕ ಮಾಡಿದ್ದು ಸರಿಯೇ ಎಂದು ಸದಾನಂದ ನನ್ನ ಪರ ಮಾತಾಡಲು ಬಂದ. ಆಗ ಅವಳು ಮೆಲ್ಲಗೆ ಹೇಳಿದಳು. ಗೋಡೆಯ ಮೇಲೆ ಬರೆಯುವವರಲ್ಲಿ ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರು ಗುರುತು ಹಾಕುವುದು ಎಲ್ಲಕ್ಕಿಂತ ದೊಡ್ಡ ಅವಮಾನವಂತೆ. ನೀನು ಏನೂ ಅಲ್ಲ ಎಂದು ಹೇಳಿದ ಹಾಗಂತೆ. ಅದಕ್ಕಾಗಿ ಹೊಡೆದಾಟಗಳೇ ಆಗಿವೆಯಂತೆ.

ನಾನು ಕೊಡಬಹುದಾದ ಅತಿ ದೊಡ್ಡ ಮರ್ಯಾದೆಯನ್ನು ಕೊಟ್ಟಿದ್ದೆ, ಅವಳ ಲೆಕ್ಕದಲ್ಲಿ ಅದು ಮುಖಕ್ಕೆ ಉಗಿದದ್ದಾಗಿತ್ತು. ನಮ್ಮಲ್ಲಿ ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯಿತು ಎನ್ನುವ ರೂಢಿಯಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು ಒಂದು ಗಂಟೆಗೂ ಹೆಚ್ಚು ಹೊತ್ತು ಆ ಒಂದು ಶಬ್ದಕ್ಕಾಗಿ ಬಾಯಿ ತೆರೆದೆ, ಮುಚ್ಚಿದೆ. ಅವಳು ಕಿಟಕಿಯಾಚೆ ಸಮುದ್ರ ನೋಡುತ್ತಿದ್ದಳು. ಓಷನ್‌ಸೈಡ್ ದಾಟಿದ ಮೇಲೆ ಅಂತೂ ತಪ್ಪಾಯಿತು ಮಗಾ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಕಾಲೇಜಿನ ಹಾಲಿನಲ್ಲಿ ನೂರಾರು ಮಕ್ಕಳು, ಎಲ್ಲರ ಕೈಯಲ್ಲೂ ಅಂಥದೇ ಕರಿ ಬ್ಯಾಗ್. ಎರಡೂವರೆ ಗಂಟೆ ಸಾಲಿನಲ್ಲಿ ನಿಂತೆವು. ನಮ್ಮ ಪಾಲಿಗೆ ಬಂದ ಟೀಚರ ಹೆಸರು ಡೆಲ್ಗಾಡೊ ಎಂದು ಎದೆಯ ಮೇಲೆ ಬರೆದಿತ್ತು. ನನ್ನದೇ ವಯಸ್ಸು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ನಗು ಕಡಿಮೆ. ನಾನೂ ಸದಾನಂದನೂ ಅಶ್ವಿತಾಳ ಬೆನ್ನ ಹಿಂದೆ ನಿಂತೆವು. ನಾನು ಇಷ್ಟದೇವರನ್ನೆಲ್ಲ ಹೆಸರು ಹಿಡಿದು ಕರೆದೆ.

ಆಕೆ ಒಂದೊಂದೇ ರಟ್ಟು ತಿರುವಿದರು. ಐದಾರು ನೋಡುವಷ್ಟರಲ್ಲಿ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ಮೂಲೆಯ ಕೆಂಪಿನ ಮೇಲೆ ಬೆರಳಿಟ್ಟು, ಇದು ನಿನ್ನ ಗುರುತಲ್ಲವೇ ಎಂದು ಕೇಳಿದರು. ಬೀದಿಯ ಗೋಡೆಯಿಂದ ಕಲಿತದ್ದನ್ನು ಎಲ್ಲರೂ ಹಾಗೆಹಾಗೇ ತರುತ್ತಾರೆ, ನೀನು ಹೆಸರಿನ ಜಾಗದಲ್ಲಿ ನಿನ್ನ ಮನೆಯದೊಂದು ಗುರುತು ಒತ್ತಿದ್ದೀಯ, ಹದಿನೆಂಟನ್ನೂ ಒಂದು ದಾರದಲ್ಲಿ ಕಟ್ಟಿದ್ದೀಯ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ ಎಂದರು. ಹೇಳುತ್ತಲೇ ಪಕ್ಕದಲ್ಲಿದ್ದ ಫಾರ್ಮನ್ನು ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು.

ಸದಾನಂದ ನನ್ನ ಮೊಣಕೈ ತಿವಿದ. ಬಯಾಲಜಿ ಸೋತಿತೆಂದು ಅವನಿಗೂ ತಿಳಿಯಿತು, ಆದರೂ ಮುಖದಲ್ಲಿ ಹೆಮ್ಮೆ. ನನಗಂತೂ ಅಲ್ಲೇ ಕುಣಿಯಬೇಕೆನಿಸಿತು. ನನ್ನ ತಪ್ಪು ತಾನಾಗಿ ಒಳ್ಳೆಯದಾಗಿಬಿಟ್ಟಿತ್ತು. ಹುಡುಗಿ ಬಾಯಿ ಬಿಡಬೇಕಾದ್ದೂ ಇರಲಿಲ್ಲ, ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು.

“ಆ ಗುರುತು ನನ್ನದಲ್ಲ,” ಎಂದಳು ಅಶ್ವಿತಾ, ಇಂಗ್ಲಿಷಿನಲ್ಲಿ, ನಿಧಾನವಾಗಿ. “ನಮ್ಮ ಅತ್ತೆಯದು. ನಿನ್ನೆ ನಾನಿಲ್ಲದಾಗ ಹಚ್ಚಿದ್ದಾರೆ. ಅದರ ಕೆಳಗೆ ನನ್ನ ಹೆಸರಿದೆ.”

ಡೆಲ್ಗಾಡೊ ಟೀಚರು ಪೆನ್ನನ್ನು ಕೆಳಗಿಟ್ಟರು. ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಮೊದಲ ಚಿತ್ರದ ಮೂಲೆಯನ್ನು ಮುಚ್ಚಿ, ಮೊದಲಿಂದ ನೋಡಲು ಶುರು ಮಾಡಿದರು. ಹದಿನೆಂಟೂ ಹಾಗೇ. ಎಡಗಡೆ ಒಂದು ರಾಶಿಯಾಯಿತು, ಬಲಗಡೆ ಒಂದು ರಾಶಿ. ಎಡಗಡೆಯದು ಬೆಳೆಯುತ್ತಲೇ ಹೋಯಿತು.

ಹನ್ನೊಂದು ಎಡಕ್ಕೆ, ಏಳು ಬಲಕ್ಕೆ. ಈ ಹನ್ನೊಂದನ್ನು ನೀನು ಗೋಡೆಗಳನ್ನೂ ಕ್ಯಾಸೆಟ್ಟಿನ ಹೊದಿಕೆಗಳನ್ನೂ ನೋಡಿ ಮಾಡಿದ್ದೀಯ, ಕೆಂಪು ಇದ್ದಾಗ ನನಗೆ ಅದು ಗೊತ್ತಾಗಲಿಲ್ಲ ಎಂದರು. ಈ ಏಳನ್ನು ಮನುಷ್ಯರನ್ನು ನೋಡಿ ಮಾಡಿದ್ದೀಯ. ಆ ಪ್ಯಾಂಟಿನ ಮಡಿಕೆಯ ಮೇಲೆ ಬೆರಳಾಡಿಸಿ, ಇದನ್ನು ಯಾರೂ ಕಲಿಸಲಾರರು ಎಂದರು. ಆ ಏಳು ಮಾತ್ರ ನನಗೆ ಮೊದಲಿಂದ ಹಿಡಿಸಿದ್ದವು ಎಂದು ಈಗ ನಾನು ಹೇಳಿಕೊಂಡರೆ ಸುಳ್ಳಾದೀತು. ನನಗೆ ಹದಿನೆಂಟೂ ಹಿಡಿಸಿದ್ದವು. ಇಂಥ ಹನ್ನೆರಡು ಬೇಕು, ಇನ್ನೈದು ಮಾಡಿ ಫೋಟೋ ಸ್ಲೈಡ್ ತೆಗೆಸಿ ಜನವರಿ ಹತ್ತರೊಳಗೆ ಕಳಿಸು ಎಂದರು ಟೀಚರು.

ಹಾಗಾದರೆ ಇವತ್ತು ಹೌದೋ ಅಲ್ಲವೋ ಎಂದು ಸದಾನಂದ ಇನ್ಸ್‌ಪೆಕ್ಟರ್ ದನಿಯಲ್ಲಿ ಕೇಳಿದ. ಇವತ್ತು ಇಲ್ಲ ಎಂದರು ಆಕೆ. ಫಾರ್ಮು ಖಾಲಿಯಾಗಿಯೇ ರಾಶಿಗೆ ವಾಪಸಾಯಿತು.

ಪಾರ್ಕಿಂಗಿನಲ್ಲಿ ಅವನು ಬಾನೆಟ್ ಮೇಲೆ ಕೈಯಿಟ್ಟು ನಿಂತ. “ಅವರು ಕೊಡ್ತಾ ಇದ್ರು ಅಶ್ವಿ,” ಎಂದ. “ನೀನು ಸುಮ್ಮನೆ ಕೂತಿದ್ರೆ ಸಾಕಿತ್ತು.” ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಬೇಸರವಿತ್ತು. ಅವಳು ಬ್ಯಾಗನ್ನು ಡಿಕ್ಕಿಯಲ್ಲಿಡುತ್ತ ಹೇಳಿದಳು: ಇನ್ನೊಬ್ಬರ ಮೇಲೆ ಗುರುತು ಹಾಕುವವನಿಗಿಂತ ಕೀಳಾದವನು ಒಬ್ಬನಿದ್ದಾನೆ, ಇನ್ನೊಬ್ಬರದನ್ನು ತನ್ನದೆನ್ನುವವನು. ಅಂಥವಳನ್ನು ಆ ಡ್ಯಾನ್ಸಿನ ಮಕ್ಕಳು ಮತ್ತೆ ರಟ್ಟಿನ ಹತ್ತಿರ ಸೇರಿಸುವುದಿಲ್ಲ. ಅವರಿಗೆ ಗೊತ್ತಾಗದೇ ಹೋದರೂ ತಾನು ಅಲ್ಲಿಗೆ ಹೋಗಲಾರೆ. ಅಷ್ಟು ಹೇಳಿ ಕಾರಿನೊಳಗೆ ಕೂತು ಅಳತೊಡಗಿದಳು. ಮಾತಿನಂತೆ ಅವಳು ಸೋತಿದ್ದಳು. ಒಪ್ಪಂದ ಒಪ್ಪಂದವೇ ಎಂದು ಅಪ್ಪ ಹೇಳುವ ಮೊದಲು ತಾನೇ ಹೇಳಿದಳು, ಬಯಾಲಜಿಗೆ ಅಪ್ಲೈ ಮಾಡುತ್ತೇನೆ ಎಂದು.

ನಾನು ಆ ಮನೆಯ ಹಿರಿಯಳು. ಐವತ್ತೈದು ವರ್ಷದಲ್ಲಿ ಬಹಳ ಜನರ ಮುಂದೆ ತಲೆಬಾಗಿದ್ದೇನೆ, ಹೆಚ್ಚಿನ ಸಲ ರೂಢಿಗೆ. ಅಂದು ಆ ಹುಡುಗಿಯ ಪಕ್ಕದಲ್ಲಿ ಕೂತಾಗ ನನ್ನ ಮನಸ್ಸು ತಾನಾಗಿ ಬಾಗಿತು. ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಸದಾನಂದ ಕನ್ನಡಿಯಲ್ಲಿ ನನ್ನನ್ನು ನೋಡಿ ಮಾತು ತೆಗೆದ.

“ಅಕ್ಕಾ, ದಿನಾ ಹತ್ತು ಜನ ನನ್ನ ಎದುರು ನಿಂತು, ಮಾಡದ್ದನ್ನು ಮಾಡಿದ್ದೇವೆ ಅಂತ ಹೇಳ್ತಾರೆ. ನಾನು ಗೋಡೆ ಬಡಿದು ನೋಡಿ ಹಿಡೀಬೇಕು. ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ಇದು ನಂದಲ್ಲ ಅಂತ ಅವನಾಗಿ ಹೇಳಿದ್ದುಂಟಾ?”

ಸ್ವಲ್ಪ ಹೊತ್ತಿನ ಮೇಲೆ ಅವನೇ, ಐದು ಚಿತ್ರಕ್ಕೆ ಎಷ್ಟು ಜಾಗ ಬೇಕು ಎಂದು ಕೇಳಿದ. “ಗ್ಯಾರೇಜ್ ಖಾಲಿ ಮಾಡ್ತೇನೆ. ಕಾರ್ ಹೊರಗೆ ನಿಲ್ಲಲಿ,” ಎಂದ. “ಬಯಾಲಜಿ ಎಲ್ಲಿಗೂ ಓಡಿಹೋಗುವುದಿಲ್ಲ.” ಅದೇ ಸಂಜೆ ವಿಜಯದಶಮಿಯ ಪಾಯಸ ತಣ್ಣಗಾಗುತ್ತಿದ್ದರೂ ಲೆಕ್ಕಿಸದೆ, ಜಯಾಳ ಬೈಗುಳ ತಿನ್ನುತ್ತ, ಲುಂಗಿ ಎತ್ತಿ ಕಟ್ಟಿ ಹಳೇ ಸಾಮಾನೆಲ್ಲ ಹೊರಗೆ ಎಳೆದುಹಾಕಿದ.

ಮಾರ್ಚಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಬೀದಿಗೆಲ್ಲ ಕೇಳುವಂತೆ ಹೇಳಿದವನು ಸದಾನಂದನೇ. ಆದರೆ ನನಗೆ ಹೇಳಬೇಕಾಗಿರುವುದು ಅದಕ್ಕೂ ಮೊದಲಿನದು, ಡಿಸೆಂಬರಿನ ಒಂದು ಮಧ್ಯಾಹ್ನದ್ದು.

ಐದು ಹೊಸ ಚಿತ್ರಗಳು ಮುಗಿದು, ಸ್ಲೈಡ್ ತೆಗೆಸುವ ಹೊತ್ತಾಗಿತ್ತು. ಹಳೆಯ ಏಳರ ಮೂಲೆಯಲ್ಲಿ ನನ್ನ ಹೆಬ್ಬೆರಳು ಹಾಗೇ ಕೂತಿತ್ತು. ನಾನು ಕತ್ತರಿ ಹಿಡಿದು ಹೋಗಿ, ಬಟ್ಟೆಯ ಅಂಚು ಕತ್ತರಿಸಿದ ಹಾಗೆ ಒಂದೇ ನೇರಕ್ಕೆ ಕತ್ತರಿಸಿ ಕೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ಬೇಡ ಎಂದಳು. ಚಿತ್ರಗಳ ಜೊತೆ ಕಳಿಸಬೇಕಾದ ಪಟ್ಟಿಯನ್ನು ಟೈಪ್ ಮಾಡಿದ್ದಳು, ಅದನ್ನು ನನ್ನ ಮುಂದೆ ಇಟ್ಟಳು. ಪ್ರತಿ ಚಿತ್ರ ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು ಎಂದು ಬರೆಯಬೇಕಂತೆ. ಕನ್ನಡಕ ಹಾಕಿಕೊಂಡು ಓದಿದೆ. ಸೀರೆ ಪೆಟ್ಟಿಗೆಯ ರಟ್ಟು, ಸ್ಪ್ರೇ ಪೇಂಟ್, ಅರಿಶಿನ, ಕುಂಕುಮ. ಚಿತ್ರ: ಅಶ್ವಿತಾ. ಮೂಲೆಯ ಕೆಂಪು: ರತ್ನಾವತಿ. ಏಳು ಸಾಲಿನಲ್ಲೂ ಹಾಗೇ.

ಇದು ನಾನು ಮಾಡಿದ ತಪ್ಪು, ಇದರ ಮುಂದೆ ನನ್ನ ಹೆಸರು ಯಾಕೆ ಎಂದು ಕೇಳಿದೆ.

“ತಪ್ಪಾದ್ರೂ ನಿಮ್ಮದೇ ಅಲ್ವಾ ಅತ್ತೆ,” ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. “ನಿಮ್ದು ನಿಮ್ಗೇ ಇರ್ಬೇಕು.”

ನನ್ನ ಅಂಗಡಿಯ ಬೋರ್ಡಿನ ಮೇಲಿರುವುದು ತೀರಿಹೋದ ನನ್ನ ಗಂಡನ ಹೆಸರು. ಲೈಸೆನ್ಸೂ ಬಹಳ ಕಾಲ ಅವರ ಹೆಸರಿನಲ್ಲೇ ಇತ್ತು. ನಾನು ಕೈಯಾರೆ ಮಾಡಿದ್ದಕ್ಕೆ ಯಾರೂ ನನ್ನ ಹೆಸರು ಬರೆದ ನೆನಪು ನನಗಿಲ್ಲ. ಅಂದು ಆ ಹಾಳೆಯನ್ನು ಅವಳಿಗೆ ವಾಪಸು ಕೊಡುವ ಮೊದಲು ಏಳು ಸಾಲನ್ನೂ ಇನ್ನೊಮ್ಮೆ ಓದಿದೆ.